ಪದಚರ್ಚೆ: ಅರೋಮಟೇಸ್ ಇನ್‌ಹಿಬಿಟರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸ್ತನ ಕ್ಯಾನ್ಸರ್ ಮತ್ತು ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆ ಕಡೆ ಬೆಳೆಯುವ ಕಾಯಿಲೆ) ಬಗ್ಗೆ ಹೆಂಗಸರು ತಾವೇ ಓದಿ ತಿಳಿದುಕೊಳ್ಳಲಿ ಅಂತ ನಾವು ಕೆಲವರು ಸೇರಿ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಸಿದ್ಧ ಮಾಡುತ್ತಿದ್ದೇವೆ. ಅದರ ಕರಡಿನಲ್ಲಿ ಒಂದು ವಾಕ್ಯ ಹೀಗೆ ಬಂದಿದೆ:

“ಅರೋಮಟೇಸ್ ಪ್ರತಿಬಂಧಕಗಳು ಹಾರ್ಮೋನ್ ಅವಲಂಬಿತ ರೋಗಗಳಲ್ಲಿ ಸ್ಥಳೀಯ ಈಸ್ಟ್ರೋಜನ್ ಉತ್ಪಾದನೆಯನ್ನು ತಗ್ಗಿಸುತ್ತವೆ.”

ವ್ಯಾಕರಣ ಸರಿ ಇದೆ. ವಿಜ್ಞಾನವೂ ಸರಿ ಇದೆ. (ಇಲ್ಲಿ ಹೇಳುತ್ತಿರುವುದು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮೈಯಲ್ಲಿ ತಯಾರಾಗುವುದನ್ನು ತಗ್ಗಿಸುವ ಒಂದು ಗುಂಪಿನ ಮಾತ್ರೆಗಳ ಬಗ್ಗೆ; ಇನ್‌ಹಿಬಿಟರ್ ಅಂದರೆ ತಡೆಯುವಂಥದು.) ಆದರೆ ಮಾತ್ರೆ ನುಂಗುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ, ತಿಳಿದರೂ ತಪ್ಪಾಗಿ ತಿಳಿಯುತ್ತದೆ ಅನ್ನೋದು ನನ್ನ ತಕರಾರು. ‘ಪ್ರತಿಬಂಧಕ’, ‘ಅವಲಂಬಿತ’, ‘ಸ್ಥಳೀಯ’, ‘ಉತ್ಪಾದನೆ’ ಈ ನಾಲ್ಕೂ ಪದಗಳಿಗೆ ನಿಮ್ಮ ಸಲಹೆ ಬೇಕು. ಮೊದಲು ಮೈಯೊಳಗೆ ನಡೆಯುವುದೇನು ಅಂತ ಬರೆಯುತ್ತೇನೆ, ಅದು ಗೊತ್ತಿದ್ದರೆ ಪದ ಹುಡುಕೋದು ಸುಲಭ.

ಮುಟ್ಟು ನಿಲ್ಲುವ ತನಕ ಹೆಂಗಸರಲ್ಲಿ ಈಸ್ಟ್ರೋಜನ್ ಬಹುಪಾಲು ಬರುವುದು ಅಂಡಾಶಯದಿಂದ. ಗ್ಲಾಸ್ಗೋದ ಜಾರ್ಜ್ ಬೀಟ್ಸನ್ ಎಂಬ ಸರ್ಜನ್ 1896ರಲ್ಲೇ, ಅಂಡಾಶಯ ತೆಗೆದರೆ ಕೆಲವರ ಸ್ತನದ ಗಡ್ಡೆ ಕುಗ್ಗುತ್ತದೆ ಅಂತ ಬರೆದಿದ್ದರು. ಆಗ ಈಸ್ಟ್ರೋಜನ್ ಅನ್ನುವ ಹೆಸರೇ ಹುಟ್ಟಿರಲಿಲ್ಲ. ಮುಟ್ಟು ನಿಂತ ಮೇಲೆ ಅಂಡಾಶಯ ಕೆಲಸ ನಿಲ್ಲಿಸುತ್ತದೆ, ಆದರೂ ಈಸ್ಟ್ರೋಜನ್ ಪೂರ್ತಿ ಹೋಗುವುದಿಲ್ಲ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಆಂಡ್ರೊಸ್ಟಿನ್‌ಡೈಯೋನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಕೊಬ್ಬು, ಸ್ನಾಯು, ಚರ್ಮ, ಮೂಳೆ, ಸ್ತನ, ಇವುಗಳ ಜೀವಕೋಶಗಳಲ್ಲಿ ಅರೋಮಟೇಸ್ ಅನ್ನುವ ಕಿಣ್ವ (ಎಂಜೈಮ್) ಇದೆ. ಅದು ಈ ಆಂಡ್ರೊಸ್ಟಿನ್‌ಡೈಯೋನನ್ನು ಈಸ್ಟ್ರೋನ್ ಆಗಿ ಬದಲಿಸುತ್ತದೆ. 17-ಬೀಟಾ ಎಚ್‌ಎಸ್‌ಡಿ 1 ಅನ್ನುವ ಇನ್ನೊಂದು ಕಿಣ್ವ ಆ ಈಸ್ಟ್ರೋನನ್ನು ಅದಕ್ಕಿಂತ ಬಲವಾದ ಈಸ್ಟ್ರಡೈಯಾಲ್ ಮಾಡುತ್ತದೆ. ಸ್ಟಿರಾಯ್ಡ್ ಸಲ್ಫಟೇಸ್ ಅಂತ ಮೂರನೆಯದೂ ಒಂದಿದೆ: ಸಲ್ಫೇಟ್ ಅಂಟಿಸಿಕೊಂಡು ಯಾವ ಕೆಲಸವನ್ನೂ ಮಾಡದೆ ರಕ್ತದಲ್ಲಿ ಸುಮ್ನೆ ಓಡಾಡುತ್ತಿರುವ ಈಸ್ಟ್ರೋನಿನಿಂದ ಆ ಸಲ್ಫೇಟನ್ನು ಕಳಚಿ ಮತ್ತೆ ಬಳಕೆಗೆ ತರುವುದು ಅದರ ಕೆಲಸ.

ಡೈರಿ ಮುಚ್ಚಿದರೂ ಹಾಲು ಬರುತ್ತಿದ್ದರೆ ಮನೆಮನೆಯಲ್ಲೂ ಹೆಪ್ಪು ಹಾಕಿಕೊಂಡು ಮೊಸರು ಮಾಡಿಕೊಳ್ಳುತ್ತಾರಲ್ಲ, ಇದೂ ಹಾಗೇ. ಪ್ರತಿ ಅಂಗವೂ ತನಗೆ ಬೇಕಾದ ಈಸ್ಟ್ರೋಜನ್ನನ್ನು ತಾನೇ ಮಾಡಿಕೊಂಡು, ಅಲ್ಲೇ ಬಳಸಿ, ಅಲ್ಲೇ ಮುಗಿಸುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿದ್ದ ಫರ್ನಾಂಡ್ ಲಾಬ್ರಿ ಎಂಬ ವಿಜ್ಞಾನಿ ಈ ರೀತಿಗೆ 1988ರಲ್ಲಿ ‘ಇಂಟ್ರಾಕ್ರೈನಾಲಜಿ’ ಅಂತ ಹೆಸರಿಟ್ಟರು. ಮುಟ್ಟು ನಿಂತವರಲ್ಲಿ ರಕ್ತ ಪರೀಕ್ಷೆ ಮಾಡಿದರೆ ಈಸ್ಟ್ರಡೈಯಾಲ್ ತುಂಬ ಕಡಿಮೆ ಕಾಣುತ್ತದೆ, ಆದರೆ ಅದೇ ಹೆಂಗಸಿನ ಸ್ತನದ ಗಡ್ಡೆಯೊಳಗೆ ರಕ್ತದಲ್ಲಿ ಇರುವುದರ ಸುಮಾರು 10 ಪಟ್ಟು ಅಥವಾ ಇನ್ನೂ ಜಾಸ್ತಿ ಇರಬಹುದು. ಎಂಡೊಮೆಟ್ರಿಯೋಸಿಸ್‌ನದೂ ಇದೇ ಕಥೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುತ್ತದಲ್ಲ (ಅಂಡಾಶಯದಲ್ಲಿ ಬೆಳೆದರೆ ಡಾಕ್ಟರುಗಳು ಚಾಕೊಲೇಟ್ ಸಿಸ್ಟ್ ಅನ್ನುವುದು ಇದನ್ನೇ), ಅದರಲ್ಲೂ ಅರೋಮಟೇಸ್ ಇರುತ್ತದೆ. ಅಲ್ಲಿ ಹುಟ್ಟಿದ ಈಸ್ಟ್ರೋಜನ್ ಪ್ರೊಸ್ಟಗ್ಲಾಂಡಿನ್ ಇ2 ಅನ್ನುವ, ನೋವು ಉರಿಯೂತ ತರುವ ರಾಸಾಯನಿಕವನ್ನು ಹೆಚ್ಚಿಸುತ್ತದೆ, ಆ ಪ್ರೊಸ್ಟಗ್ಲಾಂಡಿನ್ ಅರೋಮಟೇಸನ್ನು ಹೆಚ್ಚಿಸುತ್ತದೆ, ಅರೋಮಟೇಸ್ ಮತ್ತೆ ಈಸ್ಟ್ರೋಜನ್ನನ್ನು. ತಿಂಗಳು ತಿಂಗಳೂ ಹೊಟ್ಟೆ ಹಿಂಡುವ ನೋವು ಬಿಡದೇ ಇರುವುದಕ್ಕೆ ಈ ಸುತ್ತೂ ಒಂದು ಕಾರಣ.

ಈಗ ಪದಗಳಿಗೆ ಬರೋಣ.

‘ಸ್ಥಳೀಯ’ ನನಗೆ ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಟ್ಟ ಪದ. ಸ್ಥಳೀಯ ಸಂಸ್ಥೆ, ಸ್ಥಳೀಯ ಸುದ್ದಿ ಅಂತ ದಿನಾ ಓದುವವರಿಗೆ ‘ಸ್ಥಳೀಯ ಈಸ್ಟ್ರೋಜನ್’ ಅಂದರೆ ಏನು ಹೊಳೆಯಬೇಕು? ಆಸ್ಪತ್ರೆಯಲ್ಲಿ ಈ ಪದದ ಇನ್ನೊಂದು ಬಳಕೆ ಸ್ಥಳೀಯ ಅರಿವಳಿಕೆ, ಅಂದರೆ ಸೂಜಿ ಚುಚ್ಚಿದ ಜಾಗ ಮಾತ್ರ ಜೋಮು ಹಿಡಿಯುವುದು. ಆ ನೆನಪಿನಲ್ಲಿ ಓದಿದರೆ ಈ ಮಾತ್ರೆ ಗಡ್ಡೆ ಇದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ ಅಂತ ಅರ್ಥವಾಗುತ್ತದೆ. ಇದು ಪೂರ್ತಿ ತಪ್ಪು. ಮಾತ್ರೆ ಇಡೀ ಮೈಗೆ ಹೋಗುತ್ತದೆ, ಎಲ್ಲಿ ಅರೋಮಟೇಸ್ ಇದೆಯೋ ಅಲ್ಲೆಲ್ಲ ಅದನ್ನು ತಡೆಯುತ್ತದೆ. ಮೂಳೆಯೂ ತನ್ನ ಈಸ್ಟ್ರೋಜನ್ನನ್ನು ತಾನೇ ಮಾಡಿಕೊಳ್ಳುತ್ತಿತ್ತು ಅಂದೆನಲ್ಲ, ಅದೂ ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಅದಕ್ಕೇ ಈ ಮಾತ್ರೆ ಶುರು ಮಾಡುವಾಗ ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಪರೀಕ್ಷೆ) ಮಾಡಿಸುವುದು, ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುವುದು. ಬೆಳಿಗ್ಗೆ ಎದ್ದರೆ ಬೆರಳು ಮಡಚೋಕ್ಕೆ ಆಗಲ್ಲ, ಮಂಡಿ ಹಿಡಿದುಕೊಂಡಿರುತ್ತೆ ಅಂತ ಎಷ್ಟೋ ಜನ ಹೇಳುತ್ತಾರೆ. ‘ಸ್ಥಳೀಯ’ ಅಂತ ಓದಿದವರು ಈ ಕೀಲುನೋವನ್ನು ಮಾತ್ರೆಗೆ ಜೋಡಿಸಿ ನೋಡುವುದೇ ಇಲ್ಲ, ವಯಸ್ಸಾಯ್ತು ಅಂದುಕೊಂಡು ಡಾಕ್ಟರಿಗೆ ಹೇಳದೇ ಸುಮ್ಮನಿರುತ್ತಾರೆ.

ಇಲ್ಲಿ ನನ್ನ ಆಯ್ಕೆ ‘ಅಲ್ಲಲ್ಲೇ’. ‘ಅಲ್ಲಲ್ಲೇ ತಯಾರಾಗುವ ಈಸ್ಟ್ರೋಜನ್’ ಅಂದಾಗ ತಯಾರಾಗುವುದು ಹಲವು ಕಡೆ ಅಂತಲೂ ಬರುತ್ತದೆ, ಹುಟ್ಟಿದ ಕಡೆಯೇ ಉಳಿಯುತ್ತದೆ ಅಂತಲೂ ಬರುತ್ತದೆ. ‘ಆಯಾ ಅಂಗಾಂಶದಲ್ಲೇ’ ಅಂತ ಕೆಲವರು ಸೂಚಿಸಿದರು. ತಪ್ಪೇನಲ್ಲ, ಆದರೆ ಅಂಗಾಂಶ ಅನ್ನುವ ಪದವನ್ನೇ ಮತ್ತೆ ಬಿಡಿಸಿ ಹೇಳಬೇಕಾಗುತ್ತದೆ.

‘ಉತ್ಪಾದನೆ’ ಬಗ್ಗೆ ಜಾಸ್ತಿ ಜಗಳವಿಲ್ಲ, ಕಾರ್ಖಾನೆಯ ವಾಸನೆ ಇದೆ ಅಷ್ಟೇ. ಅದಕ್ಕಿಂತ ತೊಂದರೆಯ ಪದ ‘ಸ್ರವಿಸು’. ಶಾಲೆಯ ಪುಸ್ತಕದಿಂದ ಹಿಡಿದು ಹಾರ್ಮೋನು ಅಂದರೆ ಗ್ರಂಥಿ ಸ್ರವಿಸುವುದು ಅಂತ ಕೂತುಬಿಟ್ಟಿದೆ. ಕರಡಿನ ಇನ್ನೊಂದು ಕಡೆ ‘ಕೊಬ್ಬು ಈಸ್ಟ್ರೋಜನ್ ಸ್ರವಿಸುತ್ತದೆ’ ಅಂತಲೂ ಬಂದಿದೆ. ಹಾಗೆ ಬರೆದರೆ ಕೊಬ್ಬೂ ಒಂದು ಗ್ರಂಥಿಯಾಗಿ ಹಾರ್ಮೋನನ್ನು ಎಲ್ಲ ಕಡೆ ಕಳಿಸುತ್ತದೆ ಅನ್ನುವ ಹಾಗಾಗುತ್ತದೆ. ಇಲ್ಲಿ ನಡೆಯುವುದು ಒಂದು ಹಾರ್ಮೋನನ್ನು ಇನ್ನೊಂದಾಗಿ ಬದಲಿಸುವ ಕೆಲಸ. ‘ತಯಾರಿ’ ಅಥವಾ ‘ತಯಾರಾಗುವುದು’ ಸಾಕು.

‘ಅವಲಂಬಿತ’ ಅಂದರೆ ಸರ್ಕಾರಿ ಅರ್ಜಿಯಲ್ಲಿ ಬರುವ ಅವಲಂಬಿತರ ಕಾಲಮ್ಮೇ ನೆನಪಾಗುತ್ತದೆ. ‘ಹಾರ್ಮೋನ್ ಸಂಬಂಧಿ ಕಾಯಿಲೆ’ ಅಂತ ಬದಲಿಸಿದರೆ ಇನ್ನೂ ಕೆಟ್ಟದು, ಥೈರಾಯ್ಡು ಸಕ್ಕರೆ ಕಾಯಿಲೆ ಎಲ್ಲ ಒಳಗೆ ಬಂದುಬಿಡುತ್ತವೆ. ‘ಹಾರ್ಮೋನಿನ ಬಲದಿಂದ ಬೆಳೆಯುವ ಕಾಯಿಲೆ’ ಅಂತ ನೇರವಾಗಿ ಹೇಳೋಣ ಅಂತಿದ್ದೇನೆ.

ಇನ್ನು ‘ಇನ್‌ಹಿಬಿಟರ್’. ಕನ್ನಡದ ಬರಹಗಳಲ್ಲಿ ಮೂರು ಪದ ಓಡಾಡುತ್ತಿವೆ. ಪ್ರತಿಬಂಧಕ ಅಂದರೆ ಓದುಗರಿಗೆ ಕೋರ್ಟಿನ ಪ್ರತಿಬಂಧಕಾಜ್ಞೆ. ನಿರೋಧಕ ಅಂದರೆ ಎರಡು ಕಡೆ ಎಳೆಯುತ್ತದೆ: ರೋಗನಿರೋಧಕ ಶಕ್ತಿ ಒಂದು, ಗರ್ಭನಿರೋಧಕ ಮಾತ್ರೆ ಇನ್ನೊಂದು. ಗರ್ಭನಿರೋಧಕ ಮಾತ್ರೆಗಳಲ್ಲಿ ಎಷ್ಟೋ ಮಾತ್ರೆಗಳ ಒಳಗೆ ಈಸ್ಟ್ರೋಜನ್ನೇ ಇರುತ್ತದೆ, ಅದನ್ನು ತಯಾರಾಗದಂತೆ ಮಾಡುವ ಮದ್ದಿಗೂ ಅದೇ ಬಾಲ ಅಂಟಿಸಿದರೆ ಓದುವವರು ಗೊಂದಲ ಮಾಡಿಕೊಳ್ಳದೇ ಇರುತ್ತಾರಾ? ಪ್ರತಿರೋಧಕ ಅಂತೂ ಬೇಡವೇ ಬೇಡ. ಮದ್ದಿಗೆ ಬಗ್ಗದೇ ಇರುವುದಕ್ಕೆ ನಾವು ಈಗಾಗಲೇ ಪ್ರತಿರೋಧ ಅಂತ ಬಳಸುತ್ತೇವೆ, ಇನ್ಸುಲಿನ್ ಪ್ರತಿರೋಧ ಅನ್ನುತ್ತೇವಲ್ಲ. ಕೆಲವು ವರ್ಷ ಆದ ಮೇಲೆ ಕೆಲವರ ಗಡ್ಡೆ ಈ ಮಾತ್ರೆಗೂ ಬಗ್ಗುವುದಿಲ್ಲ, ಆಗ ‘ಅರೋಮಟೇಸ್ ಪ್ರತಿರೋಧಕ ಪ್ರತಿರೋಧ’ ಅಂತ ಬರೆಯಬೇಕಾಗುತ್ತದೆ.

‘ತಡೆ’ ಅಂತ ನಮ್ಮದೇ ಪದ ಇರುವಾಗ ಇಷ್ಟು ಸುತ್ತುವುದು ಯಾಕೆ? ‘ಕಿಣ್ವತಡೆ ಮದ್ದು’ ಅಂದರೆ ಕಿವಿಗೂ ಚೆನ್ನಾಗಿದೆ, ಅರ್ಥವೂ ಮೇಲೇ ಇದೆ.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ, ಇದಕ್ಕೆ ನಿಮ್ಮ ಸಹಾಯ ಬೇಕೇ ಬೇಕು. ಟಮಾಕ್ಸಿಫೆನ್ ಅನ್ನುವ ಹಳೇ ಮಾತ್ರೆಯೂ ‘ತಡೆಯುವ’ ಮದ್ದೇ, ಆದರೆ ಅದು ಈಸ್ಟ್ರೋಜನ್ ತಯಾರಾಗುವುದನ್ನು ತಡೆಯುವುದಿಲ್ಲ. ತಯಾರಾದ ಈಸ್ಟ್ರೋಜನ್ ಸ್ತನದ ಜೀವಕೋಶದಲ್ಲಿ ಹೋಗಿ ಕೂರುವ ಜಾಗದಲ್ಲಿ ತಾನು ಕೂತು ಅದಕ್ಕೆ ಜಾಗ ಸಿಗದ ಹಾಗೆ ಮಾಡುತ್ತದೆ. (ಆ ಜಾಗಕ್ಕೆ ಪುಸ್ತಕಗಳಲ್ಲಿ ‘ಗ್ರಾಹಕ’ ಅಂತಿದೆ. ಅಂಗಡಿಯ ಗ್ರಾಹಕರೇ ಕಣ್ಣಮುಂದೆ ಬರುತ್ತಾರೆ, ನಾನಂತೂ ರಿಸೆಪ್ಟರ್ ಅಂತಲೇ ಬಿಡುತ್ತೇನೆ.) ಎರಡಕ್ಕೂ ‘ಈಸ್ಟ್ರೋಜನ್ ತಡೆ’ ಅಂದುಬಿಟ್ಟರೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ವ್ಯತ್ಯಾಸ ಸಣ್ಣದಲ್ಲ. ಟಮಾಕ್ಸಿಫೆನ್ನನ್ನು ಮುಟ್ಟು ನಿಲ್ಲದವರಿಗೂ ಕೊಡಬಹುದು. ಅರೋಮಟೇಸ್ ತಡೆಯುವ ಮಾತ್ರೆಯನ್ನು ಸ್ತನ ಕ್ಯಾನ್ಸರ್‌ಗೆ ಮುಟ್ಟು ನಿಂತವರಿಗೆ ಕೊಡುತ್ತಾರೆ. ನಿಲ್ಲದವರಿಗೆ ಕೊಡಬೇಕಾದರೆ ಅಂಡಾಶಯವನ್ನು ಇಂಜೆಕ್ಷನ್ನಿನಿಂದಲೋ ಬೇರೆ ರೀತಿಯಲ್ಲೋ ಸುಮ್ಮನಿರಿಸಲೇಬೇಕು. ಇಲ್ಲದಿದ್ದರೆ ಈಸ್ಟ್ರೋಜನ್ ಕಡಿಮೆಯಾಯಿತು ಅಂತ ಮೆದುಳು ಅಂಡಾಶಯವನ್ನು ಇನ್ನಷ್ಟು ಎಬ್ಬಿಸುತ್ತದೆ. ಹಾಗಾಗಿ ಅರೋಮಟೇಸ್ ತಡೆಯುವ ಮಾತ್ರೆಗೆ ‘ತಯಾರಿತಡೆ’, ಟಮಾಕ್ಸಿಫೆನ್ನಿಗೆ ‘ಕೆಲಸತಡೆ’ ಅಂತ ಜೋಡಿ ಮಾಡಿದ್ದೇನೆ. ‘ಕೆಲಸತಡೆ’ ನನಗೇ ಅಷ್ಟು ಹಿಡಿಸಿಲ್ಲ. ಇನ್ನೂ ಒಳ್ಳೆಯದು ಯಾರಿಗಾದರೂ ಹೊಳೆದರೆ ಹೇಳಿ.

‘ಸೂಸೈಡ್ ಇನ್‌ಹಿಬಿಟರ್’ ಅನ್ನುವ ಇನ್ನೊಂದು ಪದವನ್ನು ಮಾತ್ರ ದಯವಿಟ್ಟು ಯಾರೂ ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ತರಬೇಡಿ. ಮಾರುಕಟ್ಟೆಯಲ್ಲಿ ಈಗ ಈ ಗುಂಪಿನ ಮೂರು ಮಾತ್ರೆ ಮುಖ್ಯ: ಅನಾಸ್ಟ್ರೊಜೋಲ್ 1 ಮಿಲಿಗ್ರಾಂ, ಲೆಟ್ರೊಜೋಲ್ 2.5 ಮಿಲಿಗ್ರಾಂ, ಎಕ್ಸಿಮೆಸ್ಟೇನ್ 25 ಮಿಲಿಗ್ರಾಂ. ಅಮೆರಿಕದಲ್ಲಿ ಇವಕ್ಕೆ 1995, 1997, 1999ರಲ್ಲಿ ಸಾಲಾಗಿ ಒಪ್ಪಿಗೆ ಸಿಕ್ಕಿತು. ಇದಕ್ಕೆ ದಾರಿ ಮಾಡಿದವರು ಆಂಜೆಲಾ ಬ್ರೋಡಿ, 1970ರ ದಶಕದಿಂದ ಕೂತು ಇದೇ ಗುಂಪಿನ ಫಾರ್ಮೆಸ್ಟೇನ್ ಅನ್ನುವ ಮದ್ದನ್ನು ಬೆಳೆಸಿದ ವಿಜ್ಞಾನಿ. ಮೊದಲ ಎರಡು ಮಾತ್ರೆಗಳು ಕಿಣ್ವಕ್ಕೆ ಅಂಟಿ ಮತ್ತೆ ಬಿಡುತ್ತವೆ. ಎಕ್ಸಿಮೆಸ್ಟೇನ್ ಹಾಗಲ್ಲ. ಕಿಣ್ವ ಅದನ್ನೂ ಆಂಡ್ರೊಸ್ಟಿನ್‌ಡೈಯೋನ್ ಅಂತ ತಿಳಿದು ಬದಲಿಸೋಕ್ಕೆ ಹೋಗಿ, ಅದಕ್ಕೆ ಕಾಯಂ ಅಂಟಿಕೊಂಡು, ತಾನೇ ಹಾಳಾಗುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಸೂಸೈಡ್ ಇನ್‌ಹಿಬಿಟರ್ ಅನ್ನುತ್ತಾರೆ. ಕನ್ನಡದಲ್ಲಿ ‘ಆತ್ಮಹತ್ಯಾ ತಡೆ’ ಅಂತ ಬರೆದರೆ, ಆತ್ಮಹತ್ಯೆಯ ಯೋಚನೆ ಬರದಂತೆ ಕೊಡುವ ಮದ್ದು ಅಂತಲೇ ಯಾರಾದರೂ ಓದುವುದು. ಕ್ಯಾನ್ಸರ್ ಬಂದು ಮೊದಲೇ ಮನಸ್ಸು ಕುಗ್ಗಿದವರ ಕೈಗೆ ಆ ಪದ ಕೊಡುವ ಹಾಗಿಲ್ಲ. ‘ಕಿಣ್ವಕ್ಕೆ ಕಾಯಂ ಅಂಟಿಕೊಳ್ಳುವ ಮದ್ದು’ ಅಂದರೆ ಮುಗಿಯಿತು.

ಇಷ್ಟೆಲ್ಲ ಯಾಕೆ ಒದ್ದಾಡುತ್ತಿದ್ದೇನೆ ಅಂದರೆ, ಆಸ್ಪತ್ರೆಯಲ್ಲಿ ಈ ಮಾತ್ರೆಗೆ ನಿಜವಾಗಿ ಬಳಕೆಯಲ್ಲಿರುವ ಹೆಸರು ‘ಹಾರ್ಮೋನ್ ಮಾತ್ರೆ’. ನಮ್ಮ ದೊಡ್ಡಮ್ಮನಿಗೆ ಆಪರೇಷನ್, ಕೀಮೋ ಎಲ್ಲ ಮುಗಿದ ಮೇಲೆ ಲೆಟ್ರೊಜೋಲ್ ಬರೆದರು. “ಇದು ಹಾರ್ಮೋನ್ ಮಾತ್ರೆ ಅಮ್ಮ, ಐದು ವರ್ಷ ದಿನಾ ಒಂದು ತಗೊಳ್ಳಿ” ಅಂತ ಹೇಳಿ ಕಳಿಸಿದರು. ದೊಡ್ಡಮ್ಮ ಮನೆಗೆ ಬಂದು ಕೇಳಿದ್ದು, “ನಂಗೆ ಬಂದಿರೋದು ಹಾರ್ಮೋನಿಂದ ಬೆಳೆಯೋ ಗಡ್ಡೆ ಅಂತ ಅವರೇ ಅಂದ್ರಲ್ಲ, ಮತ್ತೆ ಅದನ್ನೇ ಮಾತ್ರೆ ಮಾಡಿ ಕೊಟ್ಟಿದ್ದಾರಲ್ಲ?” ಆ ಅನುಮಾನದಲ್ಲೇ ಮಾತ್ರೆಯ ಪಟ್ಟಿ ಒಡೆಯದೆ ಡಬ್ಬಿಯಲ್ಲಿ ಇಟ್ಟಿದ್ದರು. ಅವರ ಪ್ರಶ್ನೆ ಸರಿಯಾಗೇ ಇದೆ. ಹೆಸರೇ ತಿರುಗಾಮುರುಗಾ ಇದೆ. ಈ ಮಾತ್ರೆಯಲ್ಲಿ ಈಸ್ಟ್ರೋಜನ್ ಒಂದಿಷ್ಟೂ ಇಲ್ಲ, ಅದು ತಯಾರಾಗುವುದನ್ನು 95%ಕ್ಕಿಂತ ಜಾಸ್ತಿ ತಗ್ಗಿಸುತ್ತದೆ.

ಲೆಟ್ರೊಜೋಲ್‌ನ ಇನ್ನೊಂದು ಬಳಕೆಯನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದ್ದು ಮಕ್ಕಳಾಗದವರಿಗೆ ಅಂಡ ಬಿಡುಗಡೆಯಾಗಲಿ ಅಂತ ಇದೇ ಮಾತ್ರೆಯನ್ನು ತಿಂಗಳಲ್ಲಿ ಐದು ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಮೇಲೆ ಹೇಳಿದೆನಲ್ಲ, ಈಸ್ಟ್ರೋಜನ್ ಇಳಿದಾಗ ಮೆದುಳು ಅಂಡಾಶಯವನ್ನು ಎಬ್ಬಿಸುತ್ತದೆ ಅಂತ, ಇಲ್ಲಿ ಬೇಕಾಗಿರುವುದೇ ಅದು. ಕೇಂದ್ರ ಸರ್ಕಾರ 2011ರಲ್ಲಿ ಈ ಬಳಕೆಯನ್ನು ನಿಷೇಧಿಸಿತ್ತು, 2017ರಲ್ಲಿ ಮತ್ತೆ ಅವಕಾಶ ಕೊಟ್ಟಿತು. ಈ ಹುಡುಗಿಯರು ಮಾತ್ರೆಯ ಹೆಸರು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಕ್ಯಾನ್ಸರ್. ಹಾಗಾಗಿ ‘ಕ್ಯಾನ್ಸರ್ ಮಾತ್ರೆ’ ಅನ್ನುವ ಹೆಸರೂ ಆಗದು, ಮದ್ದು ಮಾಡುವ ಕೆಲಸವನ್ನೇ ಹೇಳುವ ಹೆಸರು ಬೇಕು. ಹಾಗೆ ಇಟ್ಟರೆ ನಾಳೆಗೂ ಅನುಕೂಲ. 17-ಬೀಟಾ ಎಚ್‌ಎಸ್‌ಡಿ 1 ಮತ್ತು ಸಲ್ಫಟೇಸ್ ತಡೆಯುವ ಮದ್ದುಗಳ ಮೇಲೂ ಪರೀಕ್ಷೆಗಳು ನಡೆದಿವೆ, ಸಲ್ಫಟೇಸ್‌ದಕ್ಕೆ ಇರೊಸಸ್ಟಾಟ್ ಅಂತ ಹೆಸರು. ಅವೂ ‘ತಯಾರಿತಡೆ’ ಗುಂಪಿಗೇ ಸೇರುತ್ತವೆ.

ನನ್ನ ತಿದ್ದಿದ ವಾಕ್ಯ ಇದು:

“ಹಾರ್ಮೋನಿನ ಬಲದಿಂದ ಬೆಳೆಯುವ ಕಾಯಿಲೆಗಳಿಗೆ ಈ ತಯಾರಿತಡೆ ಮಾತ್ರೆ ಕೊಡುತ್ತಾರೆ. ಇದರಲ್ಲಿ ಈಸ್ಟ್ರೋಜನ್ ಇಲ್ಲ. ಕೊಬ್ಬು, ಸ್ತನ, ಮೂಳೆ ಮುಂತಾದ ಕಡೆ ಅಲ್ಲಲ್ಲೇ ಈಸ್ಟ್ರೋಜನ್ ತಯಾರು ಮಾಡುವ ಅರೋಮಟೇಸ್ ಎಂಬ ಕಿಣ್ವವನ್ನು ಇದು ತಡೆಯುತ್ತದೆ.”

ಒಂದು ವಾಕ್ಯ ಮೂರಾಯಿತು, ಅದು ನನಗೆ ಪರವಾಗಿಲ್ಲ. ಆಸ್ಪತ್ರೆ, ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ಅವರಿಗೆ ಎರಡು ಪ್ರಶ್ನೆ. ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆ ಈ ಮಾತ್ರೆಯನ್ನು ಕೊಡುವಾಗ ನರ್ಸುಗಳು ‘ಹಾರ್ಮೋನ್ ಮಾತ್ರೆ’ ಬಿಟ್ಟು ಬೇರೆ ಏನಾದರೂ ಹೇಳುತ್ತಾರಾ? ಮತ್ತೆ, ‘ಮದ್ದು’ ಅಂದರೆ ಕೆಲವು ಕಡೆ ಮಾಟದ ಮದ್ದು, ಪಟಾಕಿ ಮದ್ದು ಅಂತಲೂ ಆಗುತ್ತದಲ್ಲ, ಅಚ್ಚಿನಲ್ಲಿ ‘ಔಷಧಿ’ ಅಂತಲೇ ಹಾಕೋದು ವಾಸಿಯಾ?