ಬಿಸಿಯಾದ ಮೇಲೆ, ಏರಿನಲ್ಲಿ ಮಾತ್ರ ಮಿಸ್ಸಿಂಗ್: 1986ರ ಪದ್ಮಿನಿ

ಕಾಫಿನಾಡಿನ ಪದ್ಮಿನಿ:

ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪ ಕೊಂಡ 1986ರ ಪ್ರೀಮಿಯರ್ ಪದ್ಮಿನಿ ಇದೆ. ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಕಡ್ಡಿ ಇರುವ ಗಾಡಿ. ಅಪ್ಪ ತೀರಿಕೊಂಡ ಮೇಲೆ ಓಡಿಸುವವಳು ನಾನೊಬ್ಬಳೇ. ಪ್ರತಿ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಚಿಕ್ಕಮಗಳೂರಿನಿಂದ ಅತ್ತಿಗುಂಡಿ ಹತ್ತಿರದ ತೋಟಕ್ಕೆ ಹೋಗುತ್ತೇನೆ.

ಬೆಳಿಗ್ಗೆ ಚೋಕ್ ಎಳೆದು ಒಂದೇ ಸಲ ಸೆಲ್ಫ್ (ಸ್ಟಾರ್ಟರ್) ಹೊಡೆದರೆ ಶುರುವಾಗುತ್ತದೆ. ಊರೊಳಗೆ ಯಾವ ತೊಂದರೆಯೂ ಇಲ್ಲ. ಕೈಮರ ದಾಟಿ ಎರಡು ಮೂರು ತಿರುವು ಹತ್ತುವಷ್ಟರಲ್ಲಿ ಎಂಜಿನ್ ತಡವರಿಸಲು ಶುರುಮಾಡುತ್ತದೆ. ಗಾಡಿ ಹಿಡಿದು ಹಿಡಿದು ಬಿಟ್ಟ ಹಾಗೆ ಜಗ್ಗುತ್ತದೆ, ಸೈಲೆನ್ಸರ್‌ನಿಂದ ಪಟಾರ್ ಎಂದು ಸದ್ದು ಬರುತ್ತದೆ, ಎರಡನೇ ಗೇರಿನಲ್ಲೂ ಏರಲು ಆಗುವುದಿಲ್ಲ. ಬದಿಗೆ ಹಾಕಿ ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಹತ್ತುತ್ತದೆ. ಇಳಿಯುವಾಗ ಒಮ್ಮೆಯೂ ಹೀಗಾಗಿಲ್ಲ.

ನಾಲ್ಕು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಟ್ಯೂನಿಂಗ್ ಮಾಡಿಸಿದ್ದೆ. ಪ್ಲಗ್, ಪಾಯಿಂಟ್, ಕಂಡೆನ್ಸರ್, ಡೆಲ್ಕೊ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಎಲ್ಲ ಹೊಸದು. ಒಂದು ತಿಂಗಳು ಚೆನ್ನಾಗಿತ್ತು. ತೊಂದರೆ ಶುರುವಾದ ಮೇಲೆ ಕಾರ್ಬೊರೇಟರ್ ಬಿಚ್ಚಿ ತೊಳೆಸಿದೆ, ಪೆಟ್ರೋಲ್ ಪಂಪಿಗೆ ಹೊಸ ಡಯಾಫ್ರಾಮ್ ಹಾಕಿಸಿದೆ. ಎಲ್ಲ ಸೇರಿ 9,000 ರೂಪಾಯಿ ದಾಟಿತು. ಈಗ ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು, ಅಂದರೆ ಸವೆದ ಸಿಲಿಂಡರ್ ಕೊರೆಸಬೇಕು ಎನ್ನುತ್ತಿದ್ದಾರೆ. ಕಳೆದ ವಾರ ಅಮ್ಮ ಜಡಿಮಳೆಯಲ್ಲಿ ತಿರುವಿನ ಅಂಚಿನಲ್ಲಿ ಕೊಡೆ ಹಿಡಿದು ನಿಂತು, ಹಿಂದಿನಿಂದ ಬರುವ ಜೀಪುಗಳಿಗೆ ಕೈಬೀಸುತ್ತಿದ್ದರು. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ. ದಾರಿ ಹೇಳಿ.

ಹಾಸನದ ಗಾಲಿ:

ಮೇಡಂ, ಇದು ವೇಪರ್ ಲಾಕ್ ಇರಬಹುದು. ಎಂಜಿನ್ ಕಾವಿಗೆ ಪಂಪಿನಲ್ಲಿ ಅಥವಾ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ, ಕಾರ್ಬೊರೇಟರಿಗೆ ಹೋಗುವುದು ನಿಲ್ಲುತ್ತದೆ. ತಣ್ಣಗಾದ ಮೇಲೆ ಸರಿಹೋಗುತ್ತದೆ. ಮುಂದಿನ ಸಲ ನಿಂತಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಐದು ನಿಮಿಷದಲ್ಲಿ ಹೊರಟರೆ ಅದೇ ಕಾರಣ. ಜೊತೆಗೆ ರಬ್ಬರ್ ಪೈಪುಗಳನ್ನೂ ನೋಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಒಳಗಿನಿಂದ ಮೆತ್ತಗಾಗಿ ಉದುರುತ್ತದೆ. ನನ್ನ ಗಾಡಿಯ ಫಿಲ್ಟರ್‌ನಲ್ಲಿ ಕಪ್ಪು ಚೂರುಗಳು ಸಿಕ್ಕಿದ್ದವು.

ದಾವಣಗೆರೆ ಮೇಸ್ತ್ರಿ:

ಮೇಡಂ, ನಾನು 31 ವರ್ಷ ಗ್ಯಾರೇಜಿನಲ್ಲಿ ದುಡಿದವನು. ಅದರಲ್ಲಿ ಹೆಚ್ಚಿನ ಕಾಲ ಪದ್ಮಿನಿ, ಅಂಬಾಸಿಡರ್‌ಗಳ ಜೊತೆಯೇ ಕಳೆಯಿತು. ಮೊದಲ ಮಾತು: ಎಂಜಿನ್ ಇಳಿಸಲು ಒಪ್ಪಬೇಡಿ. ಬೋರ್ ಸವೆದ ಎಂಜಿನ್ ಅರ್ಧ ಗಂಟೆ ನೆರಳಿನಲ್ಲಿ ನಿಂತರೆ ಗುಣವಾಗುವುದಿಲ್ಲ. ಮನಸ್ಸಿನ ಸಮಾಧಾನಕ್ಕೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇಡಿಸಿ. ನಾಲ್ಕು ಸಿಲಿಂಡರ್‌ಗಳ ಅಂಕಿ ಹತ್ತಿರ ಹತ್ತಿರ ಇದ್ದರೆ ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ.

ವೇಪರ್ ಲಾಕ್ ಎಂದು ಗೆಳೆಯರು ಹೇಳಿದ್ದು ತಪ್ಪಲ್ಲ, ಅದೂ ಬಿಸಿಗೇ ಬರುತ್ತದೆ. ಆದರೆ ಪೆಟ್ರೋಲ್ ಸಾಲದೆ ಸೋಲುವ ಎಂಜಿನ್ ಏದುಸಿರು ಬಿಟ್ಟ ಹಾಗೆ ಮೆಲ್ಲಗೆ ಕುಸಿಯುತ್ತದೆ. ಕಿಡಿ ತಪ್ಪಿದರೆ ಸ್ವಿಚ್ ಆರಿಸಿ ಹಾಕಿದಂತೆ ಜಗ್ಗುತ್ತದೆ. ನೀವು ಹೇಳಿದ ಪಟಾರ್ ಸದ್ದು ನನ್ನ ಕಿವಿಗೆ ಮುಖ್ಯ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಬಿಸಿ ಸೈಲೆನ್ಸರಿಗೆ ಹೋಗಿ ಅಲ್ಲಿ ಉರಿದರೆ ಆ ಸದ್ದು ಬರುತ್ತದೆ. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ ಎಂದು ನನ್ನ ಅಂದಾಜು.

ಏರಿನಲ್ಲೇ ಏಕೆ? ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬ ಗಾಳಿ, ಪೆಟ್ರೋಲ್ ಸೇರಿ ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಸಂದನ್ನು ಹಾರಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ನೀರಿನ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ನಡುವೆ ಇರುವ ಸಣ್ಣ ತೂತಿನಿಂದ ನೀರು ಚಿಮ್ಮುವುದಿಲ್ಲವೇ? ಹಾಗೆಯೇ ದಾರಿಯಲ್ಲಿ ಎಲ್ಲಿ ಇನ್ಸುಲೇಷನ್ ಸೋತಿದೆಯೋ ಅಲ್ಲಿಂದ ಕರೆಂಟ್ ಗಾಡಿಯ ಲೋಹದ ಬಾಡಿಯೊಳಕ್ಕೆ ಇಳಿದುಹೋಗುತ್ತದೆ. ಇಳಿಜಾರಿನಲ್ಲಿ ಆ ಒತ್ತಡವೇ ಇರುವುದಿಲ್ಲ.

ಈಗ ಏನನ್ನೂ ಕೊಳ್ಳಬೇಡಿ. ಭಾನುವಾರ ತೊಂದರೆ ಶುರುವಾದ ಕೂಡಲೇ ಕ್ಲಚ್ ಒತ್ತಿ, ಕೀ ಆರಿಸಿ, ಅಗಲವಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನಾಲ್ಕೂ ಪ್ಲಗ್ ಬಿಚ್ಚಿ ಕ್ರಮವಾಗಿ ಒಂದು ಹಲಗೆಯ ಮೇಲೆ ಇಡಿ. ಒಣಗಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಿಡಿಯದೇ ತಪ್ಪು. ಒಂದೇ ಪ್ಲಗ್ ಹಾಗಿದೆಯೇ, ನಾಲ್ಕೂ ಹಾಗಿವೆಯೇ ನೋಡಿ. ಒಂದೇ ಆದರೆ ಆ ಪ್ಲಗ್, ಅದರ ವೈರ್ ಅಥವಾ ಅದರ ವಾಲ್ವ್. ನಾಲ್ಕೂ ಆದರೆ ನಾಲ್ಕಕ್ಕೂ ಸೇರಿದ ಸಾಮಾನು: ಕಿಡಿಯ ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಅದರ ಕರೆಂಟನ್ನು ಕಡಿದು ಬಿಡುವ ಪಾಯಿಂಟ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ರೋಟರ್. ವೈರ್ ವಾಪಸ್ ಹಾಕುವಾಗ ಅದಲುಬದಲಾಗಬಾರದು. ಈ ಎಂಜಿನ್ನಿನಲ್ಲಿ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ 1-3-4-2.

ಸೀರೆಯ ಸೆರಗಾಗಲಿ ದುಪಟ್ಟಾ ಆಗಲಿ ಫ್ಯಾನಿನ ಹತ್ತಿರ ಬರದಂತೆ ನೋಡಿಕೊಳ್ಳಿ. ಇದನ್ನು ಮರೆಯಬೇಡಿ.

ಕಾಫಿನಾಡಿನ ಪದ್ಮಿನಿ:

ಮೇಸ್ತ್ರಿಗಳೇ, ನೀವು ಹೇಳಿದ ಹಾಗೆಯೇ ಮಾಡಿದೆ. ಕಂಪ್ರೆಷನ್ 120, 118, 122, 115 ಬಂತು. ತಿರುವಿನಲ್ಲಿ ಬಿಚ್ಚಿದ ನಾಲ್ಕೂ ಪ್ಲಗ್ ಒದ್ದೆ, ಕಪ್ಪು, ಮೂಗಿಗೆ ಅಡರುವ ವಾಸನೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ.

ನೀವು ಬೇಡವೆಂದರೂ ಒಂದು ಕಂಡೆನ್ಸರ್ ಕೊಂಡು ಹಾಕಿಸಿದೆ, ಕ್ಷಮಿಸಿ. ಮರುದಿನವೇ ಅತ್ತಿಗುಂಡಿಗೆ ಒಮ್ಮೆಯೂ ನಿಲ್ಲದೆ ಹತ್ತಿತು. ಅಮ್ಮ ಡ್ಯಾಶ್‌ಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆದರೆ ಮುಂದಿನ ಭಾನುವಾರ ಬಿಸಿಲಿತ್ತು, ಅದೇ ತಿರುವಿನಲ್ಲಿ ಅದೇ ಕಾಟ. ಮೊದಲ ದಿನ ಮಂಜು, ಚಳಿ ಇದ್ದದ್ದರಿಂದ ಎಂಜಿನ್ ಅಷ್ಟು ಕಾಯಲೇ ಇಲ್ಲವೇನೋ.

ದಾವಣಗೆರೆ ಮೇಸ್ತ್ರಿ:

ಕ್ಷಮೆ ಏಕೆ ಮೇಡಂ, ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕಿದ ಹಾಗಾಯಿತು. ಪಾಯಿಂಟ್‌ಗಳ ಮುಖ ಸುಡದೆ ಬೂದುಬಣ್ಣದಲ್ಲಿ ನಯವಾಗಿದ್ದು, ಸಂದು 0.45 ಮಿ.ಮೀ. ಸುತ್ತಮುತ್ತ ಇದ್ದರೆ ಅವೂ ಸರಿಯೇ.

ಈಗ ರೋಟರ್ ನೋಡೋಣ. ಎಂಜಿನ್ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಆ ಹೆಬ್ಬೆರಳಿನಷ್ಟು ದೊಡ್ಡ ತುಂಡಿನ ಮೇಲೆಯೇ ಹಾದುಹೋಗಬೇಕು. ಅದರ ಹಿತ್ತಾಳೆ ಪಟ್ಟಿಯ ಕೆಳಗೆ, ಒಂದು ಪದರ ಪ್ಲಾಸ್ಟಿಕ್ಕಿನ ಆಚೆಗೇ, ಡೆಲ್ಕೊ ಶಾಫ್ಟ್ ಇದೆ. ಆ ಶಾಫ್ಟ್ ಎಂದರೆ ಬಾಡಿ. ಈಗ ಅಂಗಡಿಗೆ ಬರುವ ಎಷ್ಟೋ ರೋಟರ್‌ಗಳಲ್ಲಿ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ರಿವೆಟ್ಟಿನ ಬಾಲ ಶಾಫ್ಟಿಗೆ ತೀರ ಹತ್ತಿರ ಬಂದಿದ್ದರೆ ಬಿಸಿಯಲ್ಲಿ ಕಿಡಿ ಅಲ್ಲಿಂದಲೇ ಇಳಿಯುತ್ತದೆ. ಕಣ್ಣಿಗೆ ಅದು ಹೊಸದಾಗಿಯೇ ಕಾಣುತ್ತದೆ.

ಪರೀಕ್ಷೆ ಹೀಗೆ. ತೊಂದರೆ ಬಂದು ನಿಂತ ತಕ್ಷಣ, ಬಿಸಿಯಲ್ಲೇ, ಡೆಲ್ಕೊ ಕ್ಯಾಪ್ ತೆಗೆಯಿರಿ. ರೋಟರ್ ಇದ್ದಲ್ಲೇ ಇರಲಿ. ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಕ್ಯಾಪಿನಿಂದ ಬಿಡಿಸಿ, ಅದರ ತುದಿಯನ್ನು ರೋಟರ್ ನಡುವಿನ ಹಿತ್ತಾಳೆಯಿಂದ 5 ಮಿ.ಮೀ. ಮೇಲೆ ಹಿಡಿಯಬೇಕು. ಬರಿಗೈ ಖಂಡಿತ ಬೇಡ, ಬಟ್ಟೆ ಒಣಗಿಸುವ ಮರದ ಕ್ಲಿಪ್ ಸಾಕು. ಚೆಲ್ಲಿದ ಪೆಟ್ರೋಲ್ ಹತ್ತಿರದಲ್ಲಿ ಇರಬಾರದು. ಇನ್ನೊಬ್ಬರು ಮೂರು ನಾಲ್ಕು ಸೆಕೆಂಡ್ ಮಾತ್ರ ಸೆಲ್ಫ್ ಹೊಡೆಯಲಿ. ಹೆಚ್ಚು ಹೊತ್ತು ಹೊಡೆದರೆ ಕಾಯಿಲ್‌ಗೆ ಒಳ್ಳೆಯದಲ್ಲ. ರೋಟರ್ ಚೆನ್ನಾಗಿದ್ದರೆ ಕಿಡಿಗೆ ಹೋಗಲು ಜಾಗವಿಲ್ಲ, ಹಾರುವುದಿಲ್ಲ. ಒಂದೆರಡು ಸಣ್ಣ ಚಿಟಿಕೆ ಲೆಕ್ಕಕ್ಕಿಲ್ಲ. ಬಿಡದೆ ದಪ್ಪ ಕಿಡಿ ಹಾರಿದರೆ ಅದು ರೋಟರ್ ಒಳಗಿನಿಂದ ಶಾಫ್ಟಿಗೆ ಇಳಿಯುತ್ತಿದೆ ಎಂದೇ ಅರ್ಥ.

ಹಳೆಯ ರೋಟರ್ ಇದೆಯೇ? ಎಸೆದಿಲ್ಲ ತಾನೇ?

ಕಾಫಿನಾಡಿನ ಪದ್ಮಿನಿ:

ಸಿಕ್ಕಿತು ಮೇಸ್ತ್ರಿಗಳೇ!

ಮೊದಲು ಮನೆಯಲ್ಲಿ ತಣ್ಣಗಿರುವಾಗ ಪರೀಕ್ಷೆ ಮಾಡಿದೆ. ಏನೂ ಇಲ್ಲ. ಇದೂ ಅಲ್ಲ ಎಂದು ಎದೆ ಭಾರವಾಯಿತು. ಆದರೂ ಭಾನುವಾರ ಸಂಜೆ ಏರಿ, ಅದೇ ತಿರುವಿನಲ್ಲಿ ನಿಲ್ಲಿಸಿ, ನಾನು ಕ್ಲಿಪ್ಪಿನಲ್ಲಿ ವೈರ್ ಹಿಡಿದೆ. ಕೀ ತಿರುಗಿಸಿದವರು ಅಮ್ಮ. ಎಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಸೀಟಿನಲ್ಲಿ ಕೂತದ್ದು. ಸೆಲ್ಫ್ ತಿರುಗಿದ್ದೇ ತಡ, ಟಕ್ ಟಕ್ ಟಕ್ ಎಂದು ನೀಲಿ ಕಿಡಿ ಸಾಲಾಗಿ ರೋಟರ್ ನಡುವಿಗೆ ಬಿತ್ತು. ಮಬ್ಬುಗತ್ತಲಿನಲ್ಲಿ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಅಮ್ಮನಿಗೆ ಇನ್ನೊಮ್ಮೆ ತಿರುಗಿಸಲು ಹೇಳಿದೆ.

ಹಳೆಯ ರೋಟರ್ ಗ್ಲೋವ್ ಬಾಕ್ಸಿನಲ್ಲೇ ಇತ್ತು. ಟ್ಯೂನಿಂಗ್ ಮಾಡಿದ ಹುಡುಗ ಅದನ್ನು ಎಸೆಯದೆ ಪತ್ರಿಕೆಯ ಚೂರಿನಲ್ಲಿ ಸುತ್ತಿ ಇಟ್ಟಿದ್ದ. ಆ ಹುಡುಗನಿಗೆ ಒಳ್ಳೆಯದಾಗಲಿ. ತುದಿಯ ಕರಿಯನ್ನು ಉಪ್ಪುಕಾಗದದಿಂದ ಒಂದೇ ಸಲ ಮೆಲ್ಲಗೆ ಉಜ್ಜಿ ಹಾಕಿದೆ. ಅಲ್ಲಿಂದ ಅತ್ತಿಗುಂಡಿಗೆ ಎರಡನೇ ಗೇರಿನಲ್ಲಿ, ಒಂದೊಂದು ಕಡೆ ಮೂರರಲ್ಲಿ ಹತ್ತಿತು. ನಂತರದ ಎರಡು ಭಾನುವಾರಗಳೂ ಬಿಸಿಲು, ಒಮ್ಮೆಯೂ ತಡವರಿಸಲಿಲ್ಲ.

ತೆಗೆದ ರೋಟರನ್ನು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿದೆ. ಒಳಗಡೆ, ಶಾಫ್ಟ್ ಕೂರುವ ತೂತಿನಲ್ಲಿ, ರಿವೆಟ್ಟಿನಿಂದ ಕೆಳಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಇದೆ. 9,000 ರೂಪಾಯಿ ಆ ಗೆರೆಯಲ್ಲಿ ಇಳಿದುಹೋಗಿತ್ತು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಹಳೆಯದನ್ನೇ ಎಷ್ಟು ದಿನ ಓಡಿಸಬಹುದು?

ದಾವಣಗೆರೆ ಮೇಸ್ತ್ರಿ:

ತುಂಬ ಸಂತೋಷವಾಯಿತು ಮೇಡಂ. ಬಿರುಕಿಲ್ಲದೆ, ತುದಿ ಸವೆದು ಗಿಡ್ಡವಾಗದೆ ಇರುವವರೆಗೂ ಓಡಿಸಿ. ಆರು ತಿಂಗಳಿಗೊಮ್ಮೆ ಕ್ಯಾಪ್ ತೆಗೆದು ಒಳಗಿನ ತೇವವನ್ನು ಒಣಬಟ್ಟೆಯಿಂದ ಒರೆಸಿ. ನಿಮ್ಮ ಕಡೆಯ ಮಳೆಗೆ ತಿಂಗಳಿಗೊಮ್ಮೆ ಒರೆಸಿದರೂ ಹೆಚ್ಚಲ್ಲ. ಹೊಸದು ಕೊಳ್ಳುವಾಗ ರಿವೆಟ್ ಇಲ್ಲದೆ ಪಟ್ಟಿಯನ್ನು ಅಚ್ಚಿನಲ್ಲೇ ಕೂರಿಸಿದ ರೋಟರ್ ಕೇಳಿ, ಎರಡು ತೆಗೆದಿಡಿ. ಕೆಟ್ಟದ್ದರ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಯಾರಾದರೂ ಹೊಸದಾಗಿದೆ ಎಂದು ಮತ್ತೆ ಹಾಕಿಬಿಡುತ್ತಾರೆ. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.