ಹಡಗಿನ ‘ಟನ್’ ಎಂದರೆ ತೂಕವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹಡಗು ಸಾಗಣೆಯ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಟನ್’ ಎಂಬ ಪುಟ್ಟ ಪದ ಮೂರು ದಿನಗಳಿಂದ ಮುಂದೆ ಹೋಗಲು ಬಿಡುತ್ತಿಲ್ಲ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ ಎವರ್ ಗಿವನ್ ನಿಮಗೆ ನೆನಪಿರಬಹುದು. ಅದನ್ನು ಕೆಲವರು 2 ಲಕ್ಷ ಟನ್ ತೂಕದ ಹಡಗು ಎಂದರು, ಕೆಲವರು 2.2 ಲಕ್ಷ ಎಂದರು. ಹಡಗಿನ ವಿವರ ತೆಗೆದು ನೋಡಿದರೆ ಎರಡಕ್ಕೂ ಆಧಾರವಿದೆ: ಗ್ರಾಸ್ ಟನ್ನೇಜ್ (ಒಳಜಾಗದ ಅಳತೆ) 2,19,079; ಡೆಡ್‌ವೇಟ್ (ಹಡಗು ಹೊರಬಲ್ಲ ಭಾರ) 1,99,629 ಟನ್. ಆದರೆ ಎರಡರಲ್ಲಿ ಒಂದೂ ಆ ಹಡಗಿನ ತೂಕವಲ್ಲ!

ಇಂಗ್ಲಿಷಿನಲ್ಲಿ ಟನ್ ಎಂಬುದು ಮೊದಲಿಗೆ ದ್ರಾಕ್ಷಾರಸ ತುಂಬುವ ದೊಡ್ಡ ಪೀಪಾಯಿಯ ಹೆಸರು, 252 ಗ್ಯಾಲನ್ ಹಿಡಿಸುವಂಥದು. ಅಂಥವು ಎಷ್ಟು ಹಿಡಿಸುತ್ತವೆ ಎಂಬುದರ ಮೇಲೆ ಹಡಗಿನ ಗಾತ್ರ ಹೇಳುತ್ತಿದ್ದರು. ನಮ್ಮ ಕರಾವಳಿಯ ಮುಡಿಯೂ ಹೀಗೆಯೇ: ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಕಟ್ಟೇ ಅಳತೆಯಾಗಿ ಗೇಣಿಯ ಲೆಕ್ಕಕ್ಕೆ ಬಂತು. ಹಳೆ ಮೈಸೂರಿನಲ್ಲಿ ಧಾನ್ಯ ಅಳೆಯುವ ಖಂಡುಗ ‘ಎರಡು ಖಂಡುಗ ಗದ್ದೆ’ ಎಂದು ನೆಲದ ಅಳತೆಯೂ ಆಯಿತು. 1854ರ ಬ್ರಿಟಿಷ್ ಕಾಯಿದೆಯಲ್ಲಿ 100 ಘನ ಅಡಿ ಒಳಜಾಗವೇ ಒಂದು ಟನ್ ಎಂದಾಯಿತು. ಈಗಿನ ಗ್ರಾಸ್ ಟನ್ನೇಜ್ 1969ರ ಅಂತರರಾಷ್ಟ್ರೀಯ ಒಪ್ಪಂದದಿಂದ ಬಂದದ್ದು, ಜಾರಿಯಾದದ್ದು 1982ರಲ್ಲಿ. ಹಡಗಿನೊಳಗಿನ ಮುಚ್ಚಿದ ಜಾಗವನ್ನೆಲ್ಲ ಘನ ಮೀಟರಿನಲ್ಲಿ ಅಳೆದು, ಒಂದು ಗುಣಕದಿಂದ ಗುಣಿಸುತ್ತಾರೆ. ಬರುವ ಸಂಖ್ಯೆಗೆ ಮಾನವೇ ಇಲ್ಲ, ಆದ್ದರಿಂದ ಅದರ ಮುಂದೆ ‘ಟನ್’ ಬರೆಯುವುದೇ ತಪ್ಪು. ಎಷ್ಟು ಸಿಬ್ಬಂದಿ ಇರಬೇಕು, ಯಾವ ಸುರಕ್ಷಾ ನಿಯಮ ಅನ್ವಯಿಸುತ್ತದೆ, ಬಂದರಿಗೆ ಎಷ್ಟು ಶುಲ್ಕ ಎಂಬುದೆಲ್ಲ ಬಹುಮಟ್ಟಿಗೆ ಈ ಸಂಖ್ಯೆಯನ್ನೇ ನೆಚ್ಚಿಕೊಂಡಿದೆ. ಇದಕ್ಕೆ ‘ಒಳಗಾತ್ರ’ ಎನ್ನಬಹುದೇ?

ಡೆಡ್‌ವೇಟ್ ಅನ್ನು ‘ನಿರ್ಜೀವ ತೂಕ’ ಎಂದು ಅನುವಾದಿಸಿದ್ದನ್ನು ಕಂಡಿದ್ದೇನೆ. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ. ಸರಕು, ಇಂಧನ, ಕುಡಿಯುವ ನೀರು, ದಿನಸಿ ಇವುಗಳ ಜೊತೆಗೆ ಸಿಬ್ಬಂದಿಯ ತೂಕವೂ ಅದರಲ್ಲಿ ಸೇರುತ್ತದೆ. ಕಳೆದ ವರ್ಷ ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ, ಲಕ್ಷದ್ವೀಪಕ್ಕೆ ಹೊರಟ ಮಂಜಿಗೆ (ಸರಕು ಸಾಗಿಸುವ ಮರದ ಹಡಗು) ಸಿಮೆಂಟ್ ಚೀಲ ತುಂಬುವುದನ್ನು ನೋಡುತ್ತ ನಿಂತಿದ್ದೆ. ಚೀಲಗಳು ಒಳಗಿಳಿದಂತೆಲ್ಲ ಮರದ ಒಡಲಿನ ಮೇಲಿದ್ದ ಪಾಚಿಯ ಗೆರೆ ಮೆಲ್ಲಗೆ ನೀರಿನೊಳಗೆ ಹೋಯಿತು. ‘ಎಷ್ಟು ದೊಡ್ಡದು ಇದು?’ ಎಂದು ಮಂಜಿಯವರನ್ನು ಕೇಳಿದೆ. ಉದ್ದ ಅಗಲದ ಮಾತೇ ಬರಲಿಲ್ಲ. ‘ಇನ್ನೂರು ಟನ್ ಹೊರುತ್ತದೆ’ ಎಂದರು. ನನಗೆ ಬೇಕಾದ ಕ್ರಿಯಾಪದ ಅಲ್ಲೇ ಇತ್ತು. ಹಾಗಾಗಿ ಡೆಡ್‌ವೇಟ್‌ಗೆ ‘ಹೊರೆಮಿತಿ’ ಎಂದು ಸೂಚಿಸುತ್ತೇನೆ.

ಮೂರನೆಯದು ಡಿಸ್‌ಪ್ಲೇಸ್‌ಮೆಂಟ್. ಯುದ್ಧನೌಕೆಗಳಿಗೆ ಬಳಸುವುದು ಇದನ್ನೇ. ನಮ್ಮ ಐಎನ್‌ಎಸ್ ವಿಕ್ರಾಂತ್ 2022ರಲ್ಲಿ ಸೇವೆಗೆ ಸೇರಿದಾಗ ಹೇಳಿದ ಸುಮಾರು 43,000 ಟನ್ ಈ ಲೆಕ್ಕದ್ದು. ಭೌತಶಾಸ್ತ್ರದ ‘ಸ್ಥಾನಪಲ್ಲಟ’ವನ್ನು ಇಲ್ಲಿ ತಂದರೆ ಹಡಗೇ ಜಾಗ ಬದಲಿಸಿದಂತೆ ಕೇಳಿಸುತ್ತದೆ. ಹಡಗು ಒತ್ತರಿಸಿದ ನೀರಿನ ತೂಕ ಇದು. ಆರ್ಕಿಮಿಡೀಸ್ ನಿಯಮದಂತೆ ಹಡಗಿನ ತೂಕವೂ ಅಷ್ಟೇ. ಹೀಗಿರುವಾಗ ‘ತೂಕ’ ಎಂಬ ಪದವನ್ನು ಇದೊಂದಕ್ಕೇ ಮೀಸಲಿಡುವುದು ಒಳ್ಳೆಯದೆಂದು ನನ್ನ ಗಟ್ಟಿ ಅಭಿಪ್ರಾಯ. ಗುಜರಾತಿನ ಅಲಂಗ್‌ನಲ್ಲಿ ಒಡೆಯಲು ಹಡಗು ಕೊಳ್ಳುವವರು ನೋಡುವುದು ಸರಕು, ಇಂಧನ ಏನೂ ಇಲ್ಲದ ‘ಖಾಲಿ ತೂಕ’ವನ್ನು, ಅಲ್ಲಿ ಹೊಸ ಪದ ಬೇಕಿಲ್ಲ. ಕಂಟೇನರ್ ಹಡಗುಗಳಿಗೆ ಹೇಳುವ ಟಿಇಯು ಕೂಡ ಹಾಗೆಯೇ ಇರಲಿ, ಅದು 20 ಅಡಿ ಉದ್ದದ ಸರಕು ಪೆಟ್ಟಿಗೆಗಳ ಲೆಕ್ಕದಲ್ಲಿ ಮಾಡುವ ಎಣಿಕೆ.

ಕೊನೆಯದಾಗಿ ಕರಾವಳಿಯವರಿಗೆ ಒಂದು ಪ್ರಶ್ನೆ. ಹಡಗಿನ ತಳ ನೀರಿನೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಪನಾಮಾ ಕಾಲುವೆಯ ಹಳೆಯ ಲಾಕ್‌ಗಳಲ್ಲಿ (ನೀರು ಏರಿಸಿ ಇಳಿಸಿ ಹಡಗು ದಾಟಿಸುವ ಕಟ್ಟೆಗಳು) ಇದಕ್ಕೆ 12.04 ಮೀಟರ್ ಮಿತಿ. ಮಲ್ಪೆ, ಹೊನ್ನಾವರ, ತದಡಿಯ ದೋಣಿಯವರು ಇದಕ್ಕೆ ಏನೆನ್ನುತ್ತಾರೆ? ಕನ್ನಡ, ತುಳು, ಕೊಂಕಣಿ, ಯಾವುದಾದರೂ ಸರಿ, ದಯವಿಟ್ಟು ಕೇಳಿ ತಿಳಿಸಿ. ಸದ್ಯಕ್ಕೆ ‘ಮುಳುಗಾಳ’ ಎಂದು ಬರೆದುಕೊಂಡಿದ್ದೇನೆ, ಆದರೆ ಓದುವಾಗಲೆಲ್ಲ ಮುಳುಗಾಳು ನೆನಪಾಗುತ್ತಾನೆ.