ಐಪಿ ಹಾಕಿದ್ರೆ ಸಿಗುತ್ತೆ, ಹೆಸರು ಹಾಕಿದ್ರೆ ಸಿಗಲ್ಲ: ಮನೆ ನೆಟ್‌ವರ್ಕ್ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಉತ್ತರ ಕೊಡುವವರು ನೆಟ್‌ವರ್ಕ್ ಎಂಜಿನಿಯರ್ ಮೇಡಂ. ವಿಷಯ ಒಂದೇ: ಮನೆಯೊಳಗಿನ ಕಂಪ್ಯೂಟರ್, ಪ್ರಿಂಟರ್, ನಾಸ್ (ನೆಟ್‌ವರ್ಕ್‌ನಲ್ಲಿ ಎಲ್ಲರೂ ಬಳಸೋ ಫೈಲ್ ಸಂಗ್ರಹದ ಪೆಟ್ಟಿಗೆ) ಹೆಸರಿನಿಂದ ಸಿಗದೇ ಇರೋದು. ಪ್ರಶ್ನೆ ಜೊತೆ ಮೂರು ವಿಷಯ ಬರೀರಿ: ಐಪಿಗೆ (ಸಾಧನದ ಅಂಕಿ ವಿಳಾಸ) ಪಿಂಗ್ ಆಗುತ್ತಾ (ಪಿಂಗ್ ಅಂದ್ರೆ ಸಾಧನ ಉತ್ತರ ಕೊಡುತ್ತಾ ಅಂತ ನೋಡೋ ಕಮಾಂಡ್), ಹೆಸರನ್ನ ಹೇಗೆ ಟೈಪ್ ಮಾಡ್ತೀರಿ, ಕಂಪ್ಯೂಟರ್‌ನಲ್ಲಿ ಯಾವ ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕಿಕೊಡೋ ಸರ್ವರ್) ಇದೆ.

ತುಮಕೂರು: ನಮಸ್ತೆ ಮೇಡಂ. ವಿಂಡೋಸ್ 11. ಬ್ರೌಸರ್‌ನಲ್ಲಿ 192.168.1.20 ಹಾಕಿದ್ರೆ ನಾಸ್ ತೆರೆಯುತ್ತೆ. ಬರೀ "ನಾಸ್" ಅಂತ ಹಾಕಿದ್ರೆ ಗೂಗಲ್ ಬರುತ್ತೆ. ಡಿಎನ್‌ಎಸ್ ರೌಟರ್‌ದೇ.

ಎಂಜಿನಿಯರ್: ನಮಸ್ತೆ. ಚುಕ್ಕಿ ಇಲ್ಲದ ಒಂಟಿ ಪದ ಕಂಡ್ರೆ ಬ್ರೌಸರ್ ಅದನ್ನ ಹುಡುಕಾಟ ಅಂದ್ಕೊಳ್ಳುತ್ತೆ. ಹೆಸರಿನ ಕೊನೆಗೆ ಒಂದು ಸ್ಲ್ಯಾಷ್ ಹಾಕಿ. ಆಗಲೂ ಬರದಿದ್ರೆ ನಾಸ್ ಡಾಟ್ ಲೋಕಲ್ ಅಂತ, ಅದರ ಕೊನೆಗೂ ಸ್ಲ್ಯಾಷ್ ಸೇರಿಸಿ ನೋಡಿ. ಅದು ಬಂತು ಅಂದ್ರೆ ಎಂಡಿಎನ್‌ಎಸ್ (ಸರ್ವರ್ ಇಲ್ಲದೇ ಸಾಧನಗಳೇ ತಮ್ಮ ಹೆಸರು ಹೇಳ್ಕೊಳ್ಳೋ ದಾರಿ) ಸರಿಯಿದೆ, ರೌಟರ್‌ಗೆ ಮಾತ್ರ ಆ ಹೆಸರು ಗೊತ್ತಿಲ್ಲ.

ದಾವಣಗೆರೆ: ಮೇಡಂ, ಪಿಂಗ್‌ಗೆ ಹೆಸರು ಸಿಗುತ್ತೆ, ಎನ್‌ಎಸ್‌ಲುಕಪ್ ಮಾತ್ರ "ಇಲ್ಲ" ಅನ್ನುತ್ತೆ. ಯಾವುದನ್ನ ನಂಬೋದು?

ಎಂಜಿನಿಯರ್: ಎರಡೂ ನಿಜ ಹೇಳ್ತಿವೆ. ಎನ್‌ಎಸ್‌ಲುಕಪ್ ಕೇಳೋದು ಡಿಎನ್‌ಎಸ್ ಸರ್ವರ್ ಒಂದನ್ನೇ. ಹೋಸ್ಟ್ಸ್ ಫೈಲ್ (ಕಂಪ್ಯೂಟರ್‌ನೊಳಗೇ ಇರೋ ಹೆಸರು-ಐಪಿ ಪಟ್ಟಿ) ನೋಡಲ್ಲ, ಎಂಡಿಎನ್‌ಎಸ್‌ಗೆ ಹೋಗಲ್ಲ. ಪಿಂಗ್ ಈ ಎಲ್ಲ ದಾರಿಯನ್ನೂ ಬಳಸುತ್ತೆ. ನಿಮ್ಮಲ್ಲಿ ಏನೂ ಕೆಟ್ಟಿಲ್ಲ. ಮುಂದೆ ಪರೀಕ್ಷೆ ಮಾಡೋವಾಗ ಪವರ್‌ಶೆಲ್‌ನ ರಿಸಾಲ್ವ್-ಡಿಎನ್‌ಎಸ್‌ನೇಮ್ ಬಳಸಿ, ಲಿನಕ್ಸ್ ಆದ್ರೆ ಗೆಟ್‌ಎಂಟ್ ಹೋಸ್ಟ್ಸ್.

ಹಾಸನ: ಪ್ರಿಂಟರ್ ಹೆಸರಿಗೆ ಪಿಂಗ್ ಮಾಡಿದ್ರೆ ಎಫ್‌ಇ80 ಅಂತ ಶುರುವಾಗೋ ಉದ್ದದ ವಿಳಾಸ ಬರುತ್ತೆ. ಇದು ಸರಿನಾ?

ಹುಬ್ಬಳ್ಳಿ: ಮೇಡಂ ರೀ, ಪ್ರಿಂಟರ್ ಹೆಸರು ಸಿಗವಲ್ದು ಅಂತ ನಮ್ಮ ಆಫೀಸ್ ಗ್ರೂಪಿನ್ಯಾಗ ಬಂದಿದ್ದ ಫಾರ್ವರ್ಡ್ ನೋಡಿ ಎಲ್ಲಾ ಮಾಡೇನ್ರಿ. 8.8.8.8 (ಗೂಗಲ್ ಡಿಎನ್‌ಎಸ್) ಹಾಕೇನಿ, ಡಿಎನ್‌ಎಸ್ ಫ್ಲಶ್ ಮಾಡೇನಿ, ವಿನ್‌ಸಾಕ್ ರಿಸೆಟ್ ಮಾಡೇನಿ, ಫೈರ್‌ವಾಲ್ ಆಫ್ ಮಾಡೇನಿ, ಎಸ್‌ಎಂಬಿ1 (ಫೈಲ್ ಹಂಚೋ ಹಳೇ ವಿಧಾನ) ಆನ್ ಮಾಡೇನಿ. ಮೊದಲ ಪ್ರಿಂಟರ್ ಅಷ್ಟ ಸಿಗ್ತಿರಲಿಲ್ಲ, ಈಗ ನಾಸ್ ಹೆಸರೂ ಹೋಗೇತ್ರಿ.

ಎಂಜಿನಿಯರ್: ಬೇರೆ ಕೆಲಸ ಆಮೇಲೆ, ಮೊದಲು ಇವನ್ನ ವಾಪಸ್ ಮಾಡಿ. ಕಂಟ್ರೋಲ್ ಪ್ಯಾನಲ್‌ನ ವಿಂಡೋಸ್ ಫೀಚರ್ಸ್‌ಗೆ ಹೋಗಿ ಎಸ್‌ಎಂಬಿ1 ಟಿಕ್ ತೆಗೀರಿ, ರಿಸ್ಟಾರ್ಟ್ ಮಾಡಿ. 2017ರ ಮೇನಲ್ಲಿ ವನ್ನಾಕ್ರೈ ಅನ್ನೋ ಸುಲಿಗೆ ವೈರಸ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹರಡಿದ್ದು ಇದೇ ಎಸ್‌ಎಂಬಿ1ರ ಬಿರುಕಿನಿಂದ. ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನ ಹಾಕದೇ ಕಳಿಸೋಕೆ ಶುರು ಮಾಡಿದ್ದು ಸುಮ್ಮನೆ ಅಲ್ಲ. ನೆಟ್‌ವರ್ಕ್ ಕಿಟಕಿ ಖಾಲಿ ಕಾಣ್ತಿದ್ರೆ ಅದಕ್ಕೆ ಬೇಕಾದ್ದು ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಅನ್ನೋ ಸರ್ವಿಸ್, ಎಸ್‌ಎಂಬಿ1 ಅಲ್ಲ.

ಫೈರ್‌ವಾಲ್ ಆನ್ ಮಾಡಿ. ಮನೆ ವೈಫೈ ಪ್ರೊಫೈಲ್ "ಪಬ್ಲಿಕ್" ಅಂತಿದ್ರೆ "ಪ್ರೈವೇಟ್" ಮಾಡಿ, ಸಾಕು.

8.8.8.8 ತೆಗೆದು ಡಿಎನ್‌ಎಸ್ ಅನ್ನ "ಆಟೊಮ್ಯಾಟಿಕ್" ಇಡಿ. ನಿಮ್ಮ ನಾಸ್ ಹೆಸರು ಹೋಗಿದ್ದು ಇದರಿಂದಲೇ. ಆ ಹೆಸರು ಗೊತ್ತಿರೋದು ನಿಮ್ಮ ರೌಟರ್‌ಗೆ ಮಾತ್ರ. ಗೂಗಲ್‌ನ ಕೇಳಿದ್ರೆ ಅದು ಎನ್‌ಎಕ್ಸ್‌ಡೊಮೇನ್ ಅನ್ನುತ್ತೆ, ಅಂದ್ರೆ "ಅಂಥ ಹೆಸರೇ ಇಲ್ಲ". ಕಂಪ್ಯೂಟರ್ ಲೆಕ್ಕದಲ್ಲಿ ಅದೂ ಒಂದು ಪೂರ್ತಿ ಉತ್ತರ, ಆದ್ದರಿಂದ ಇನ್ನೊಂದು ಡಿಎನ್‌ಎಸ್ ಸರ್ವರ್‌ನ ಕೇಳೋಕೆ ಹೋಗಲ್ಲ. ಎರಡನೇ ಸಾಲಿನಲ್ಲಿ 8.8.8.8 ಇಟ್ಟರೂ ಇದೇ ಕಥೆ: ರೌಟರ್ ಒಂಚೂರು ತಡ ಮಾಡಿದಾಗೆಲ್ಲ ಗೂಗಲ್‌ನ ಕೇಳಿ "ಇಲ್ಲ" ಅನ್ನಿಸ್ಕೊಳ್ಳುತ್ತೆ. ಒಮ್ಮೆ ಸಿಗುತ್ತೆ, ಒಮ್ಮೆ ಸಿಗಲ್ಲ ಅನ್ನೋ ದೂರುಗಳಲ್ಲಿ ನಾನು ಮೊದಲು ನೋಡೋದು ಈ ಎರಡನೇ ಸಾಲನ್ನೇ.

ವಿನ್‌ಸಾಕ್ ರಿಸೆಟ್ ಈ ತೊಂದರೆಗೆ ಮದ್ದಲ್ಲ. ಆ ಫಾರ್ವರ್ಡ್ ಕಳಿಸಿದವರಿಗೆ ದಯವಿಟ್ಟು ಇದನ್ನ ತೋರಿಸಿ. ಇದೆಲ್ಲ ವಾಪಸ್ ಆದಮೇಲೆ ಪ್ರಿಂಟರ್ ಐಪಿಯನ್ನ ರೌಟರ್‌ನಲ್ಲಿ ರಿಸರ್ವ್ ಮಾಡಿ (ಯಾವಾಗಲೂ ಅದೇ ಐಪಿ ಸಿಗೋ ಹಾಗೆ), ಮತ್ತೆ ಬರೀರಿ.

ಬೆಂಗಳೂರು: ಮೇಡಂ, ಇದು ಅತಿಯಾಯ್ತು. ಎಷ್ಟೋ ಕಡೆ ಸರ್ವೀಸ್ ಕಂಪನಿ ಕೊಡೋ ಡಿಎನ್‌ಎಸ್ ನಿಧಾನ. ಎಲ್ಲರೂ 8.8.8.8 ಹಾಕ್ತಾರೆ.

ಮಂಗಳೂರು: ರೌಟರ್‌ನ ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆಯ) ಪುಟದಲ್ಲಿ ಹಾಕಿ ಮಾರಾಯ್ರೆ, ಲ್ಯಾಪ್‌ಟಾಪ್‌ನಲ್ಲಿ ಅಲ್ಲ. ಆಗ ಮನೆ ಹೆಸರಿಗೆ ರೌಟರ್ ತಾನೇ ಉತ್ತರ ಕೊಡ್ತದೆ, ಹೊರಗಿನದಕ್ಕೆ ಮಾತ್ರ ಗೂಗಲ್‌ಗೆ ಹೋಗ್ತದೆ.

ಶಿರಸಿ: ಮೇಡಂ, ನಂದು ಸ್ವಲ್ಪ ವಿಚಿತ್ರ. ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಒಂದು 5 ಪೋರ್ಟ್ ಸ್ವಿಚ್‌ಗೆ ಕೇಬಲ್‌ನಲ್ಲಿದೆ, ಸ್ವಿಚ್‌ನಿಂದ ರೌಟರ್‌ಗೆ. ಅದೇ ಸ್ವಿಚ್‌ಗೆ ಡೆಸ್ಕ್‌ಟಾಪ್. ಡೆಸ್ಕ್‌ಟಾಪ್‌ನಿಂದ ಪೈ ಡಾಟ್ ಲೋಕಲ್ ಯಾವಾಗಲೂ ಸಿಗುತ್ತೆ. ವೈಫೈ ಲ್ಯಾಪ್‌ಟಾಪ್‌ನಿಂದ, ಪೈ ರಿಸ್ಟಾರ್ಟ್ ಆದಮೇಲೆ ಐದಾರು ನಿಮಿಷ ಸಿಗುತ್ತೆ, ಆಮೇಲೆ ಇಲ್ಲ. ಐಪಿಗೆ ಪಿಂಗ್ ಸದಾ ಆಗುತ್ತೆ.

ಮೈಸೂರು: ಪೈ ಹಾಳಾಗಿರಬೇಕು. ಎಸ್‌ಡಿ ಕಾರ್ಡ್ ಬದಲಾಯಿಸಿ.

ಎಂಜಿನಿಯರ್: ಎಸ್‌ಡಿ ಕಾರ್ಡ್ ಮುಟ್ಟಬೇಡಿ. ಶಿರಸಿಯವರೇ, ಆ ಐದಾರು ನಿಮಿಷವನ್ನ ಗಮನಿಸಿ ಬರೆದಿದ್ದು ತುಂಬ ಒಳ್ಳೇದಾಯ್ತು. ಸುಳಿವು ಅಲ್ಲೇ ಇದೆ.

ಡಾಟ್ ಲೋಕಲ್ ಹೆಸರಿಗೆ ಉತ್ತರ ಕೊಡೋ ಸರ್ವರ್ ಇಲ್ಲ. ಲ್ಯಾಪ್‌ಟಾಪ್ 224.0.0.251 ಅನ್ನೋ ಮಲ್ಟಿಕಾಸ್ಟ್ (ಗುಂಪಿಗೆಲ್ಲ ಒಟ್ಟಿಗೆ ಕಳಿಸೋ) ವಿಳಾಸಕ್ಕೆ, ಯುಡಿಪಿ 5353ರಲ್ಲಿ, "ಪೈ ಯಾರು?" ಅಂತ ಕೂಗುತ್ತೆ. ಪೈ ಒಳಗಿನ ಅವಾಹಿ ಅನ್ನೋ ಎಂಡಿಎನ್‌ಎಸ್ ಪ್ರೋಗ್ರಾಂ "ನಾನು" ಅನ್ನುತ್ತೆ. ನಿಮ್ಮ ರೌಟರ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಆನ್ ಇರಬೇಕು. ಯಾವ ಪೋರ್ಟಿನವರು ಯಾವ ಮಲ್ಟಿಕಾಸ್ಟ್ ಗುಂಪಿಗೆ ಸೇರಿದ್ದಾರೆ ಅಂತ ಅದು ಪಟ್ಟಿ ಇಟ್ಕೊಂಡು, ಪಟ್ಟಿಯಲ್ಲಿದ್ದ ಪೋರ್ಟಿಗೆ ಮಾತ್ರ ಕೂಗನ್ನ ಬಿಡುತ್ತೆ. ಪೈ ಎದ್ದಾಗ "ಸೇರಿದೆ" ಅಂತ ಹೇಳುತ್ತೆ, ಪಟ್ಟಿಗೆ ಬರುತ್ತೆ. ಆಮೇಲೆ "ಇನ್ನೂ ಇದ್ದೀರಾ?" ಅಂತ ಆಗಾಗ ಕೇಳೋ ಕ್ವೆರಿಯರ್ ಒಂದು ಬೇಕು. ಅದು ಇಲ್ಲದಿದ್ರೆ ಪೈ ಮತ್ತೆ ಹೇಳಲ್ಲ, ಪಟ್ಟಿಯಿಂದ ಹೆಸರು ಬಿದ್ದುಹೋಗುತ್ತೆ. ಮಾಮೂಲಿ ಅವಧಿ 260 ಸೆಕೆಂಡ್: ಕ್ವೆರಿಯರ್ ಕೇಳೋ ಅಂತರ 125ರ ಎರಡು ಪಟ್ಟು, ಮೇಲೆ ಉತ್ತರಕ್ಕೆ ಕಾಯೋ 10. ಅದರ ಮೇಲೆ ಲ್ಯಾಪ್‌ಟಾಪ್ ತನ್ನ ಹಳೇ ಉತ್ತರವನ್ನ 120 ಸೆಕೆಂಡ್ ವರೆಗೆ ನೆನಪಿಟ್ಕೊಂಡಿರುತ್ತೆ. ಕೂಡಿಸಿ: ಸುಮಾರು ನಾಲ್ಕೂ ಕಾಲು ನಿಮಿಷದಿಂದ ಆರೂ ಕಾಲರ ತನಕ. ನೀವು ಬರೆದಿದ್ದೂ ಅಷ್ಟೇ.

ಡೆಸ್ಕ್‌ಟಾಪ್‌ಗೆ ತೊಂದರೆ ಇಲ್ಲ, ಯಾಕಂದ್ರೆ ಅದರ ಕೂಗು ಸಾದಾ ಸ್ವಿಚ್‌ನಲ್ಲೇ ಪೈಗೆ ಮುಟ್ಟುತ್ತೆ, ರೌಟರ್ ಪಟ್ಟಿ ದಾಟಬೇಕಿಲ್ಲ. 224.0.0 ಇಂದ ಶುರುವಾಗೋ ವಿಳಾಸಗಳನ್ನ ಪಟ್ಟಿ ನೋಡದೇ ಎಲ್ಲ ಪೋರ್ಟಿಗೂ ಬಿಡಬೇಕು ಅಂತ 2006ರ ಆರ್‌ಎಫ್‌ಸಿ 4541 (ಇಂಟರ್ನೆಟ್ ತಾಂತ್ರಿಕ ದಾಖಲೆ) ಹೇಳುತ್ತೆ. ಕೆಲವು ರೌಟರ್‌ಗಳ ಫರ್ಮ್‌ವೇರ್ ಅದನ್ನ ಪಾಲಿಸಲ್ಲ.

ನಂಬೋ ಮೊದಲು ಪರೀಕ್ಷೆ ಮಾಡಿ. ಹೆಸರು ಸಿಗದ ಹೊತ್ತಲ್ಲಿ ಪೈ ಮೇಲೆ ಸುಡೊ ಟಿಸಿಪಿಡಂಪ್ -ಎನ್‌ಐ ಇಟಿಎಚ್0 ಯುಡಿಪಿ ಪೋರ್ಟ್ 5353 ಓಡಿಸಿ (ಬಂದು ಹೋಗೋ ಸಂದೇಶಗಳನ್ನ ಇದು ಸಾಲುಸಾಲಾಗಿ ತೋರಿಸುತ್ತೆ). ಲ್ಯಾಪ್‌ಟಾಪ್‌ನಿಂದ ಹೆಸರಿಗೆ ಪಿಂಗ್ ಮಾಡಿ. ಲ್ಯಾಪ್‌ಟಾಪ್ ಐಪಿಯಿಂದ ಸಾಲು ಬರದಿದ್ರೆ ಕೂಗು ದಾರಿಯಲ್ಲೇ ನಿಂತಿದೆ. ಸಾಲು ಬಂದು, ಪೈ ಉತ್ತರವೂ ಹೊರಟಿದ್ರೆ ತೊಂದರೆ ವೈಫೈ ಕಡೆ. ಅವಾಹಿ ರಿಸ್ಟಾರ್ಟ್ ಮಾಡಿ "ಸರಿಹೋಯ್ತು" ಅನ್ನಬೇಡಿ. ರಿಸ್ಟಾರ್ಟ್ ಆದಾಗ ಪೈ ಯಾರೂ ಕೇಳದೇ ತನ್ನ ಹೆಸರನ್ನ ತಾನೇ ಸಾರುತ್ತೆ, ಹೇಗಿದ್ರೂ ಎರಡು ನಿಮಿಷ ಸಿಗುತ್ತೆ.

ಕಲಬುರಗಿ: ಮೇಡಂ, ಪೈ-ಹೋಲ್ (ಜಾಹೀರಾತು ತಡೆಯೋ ಡಿಎನ್‌ಎಸ್) ಹಾಕಿದ್ರೆ ಇದೆಲ್ಲಾ ಬಗೆಹರೀತದೇನ್ರಿ?

ಚಿತ್ರದುರ್ಗ: ಮೇಡಂ, ನಾಸ್ ಅಂತ ಹಾಕಿದ್ರೆ ಗೂಗಲ್‌ಗೆ ಹೋಗುತ್ತೆ.

ಎಂಜಿನಿಯರ್: ತುಮಕೂರಿನವರಿಗೆ ಕೊಟ್ಟ ಉತ್ತರ ಓದಿ.

ಕೋಲಾರ: ಲ್ಯಾಪ್‌ಟಾಪ್‌ನಲ್ಲಿ ಸಿಗೋ ಹೆಸರು ಆಂಡ್ರಾಯ್ಡ್ ಫೋನ್‌ನಲ್ಲಿ ಸಿಗಲ್ಲ ಮೇಡಂ. ಹೆಸರು ರೌಟರ್‌ನಲ್ಲಿ ಸೇರಿಸಿದೀನಿ.

ಎಂಜಿನಿಯರ್: ಫೋನ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ನೋಡಿ. ಅಲ್ಲಿ ಯಾವುದಾದ್ರೂ ಸರ್ವರ್ ಹೆಸರು ತುಂಬಿದ್ರೆ ಫೋನ್ ಪ್ರಶ್ನೆಯನ್ನ 853ನೇ ಪೋರ್ಟಿನಲ್ಲಿ ನೇರ ಹೊರಗೆ ಕಳಿಸುತ್ತೆ, ರೌಟರ್‌ನ ಕೇಳಲ್ಲ. ಆಟೊಮ್ಯಾಟಿಕ್ ಮಾಡಿ.

ಬಳ್ಳಾರಿ: ಕೆಳಗೆ ಇಂಟರ್ನೆಟ್ ಕಂಪನಿ ಕೊಟ್ಟ ರೌಟರ್, ಮಹಡಿ ಮೇಲೆ ನಮ್ಮದು. ಮೇಲಿನ ಲ್ಯಾಪ್‌ಟಾಪ್‌ಗೆ ಕೆಳಗಿನ ಪ್ರಿಂಟರ್ ಹೆಸರು ಸಿಗಲ್ಲ. ಮೇಲೆ 192.168.0, ಕೆಳಗೆ 192.168.1.

ಎಂಜಿನಿಯರ್: ಎರಡು ಬೇರೆ ನೆಟ್‌ವರ್ಕ್. ಎಂಡಿಎನ್‌ಎಸ್ ಕೂಗು ರೌಟರ್ ದಾಟಲ್ಲ. ಮೇಲಿನದನ್ನ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಕೊಡೋ ಮೋಡ್) ಹಾಕಿ. ಆ ಮೋಡ್ ಇಲ್ಲದಿದ್ರೆ ಅದರ ಲ್ಯಾನ್ ಐಪಿಯನ್ನ 192.168.1.2 ಮಾಡಿ, ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚೋದು) ಆಫ್ ಮಾಡಿ, ಕೇಬಲ್ ಅನ್ನ ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೆ ಚುಚ್ಚಿ.

ಮೈಸೂರು: ಇಷ್ಟೆಲ್ಲ ತಲೆನೋವು ಯಾಕೆ? ನಾನು ರೌಟರ್‌ನ ಡಿಎನ್‌ಎಸ್‌ಮಾಸ್ಕ್‌ನಲ್ಲಿ (ಮನೆ ಹೆಸರುಗಳಿಗೆ ಉತ್ತರ ಕೊಡೋ ಪ್ರೋಗ್ರಾಂ) ಡೊಮೇನ್ (ಹೆಸರಿನ ಕೊನೆಯ ಭಾಗ) ಅನ್ನೇ "ಲೋಕಲ್" ಅಂತ ಇಟ್ಟಿದ್ದೀನಿ. ಎಲ್ಲ ಹೆಸರೂ ಸಿಗುತ್ತೆ.

ಮಂಗಳೂರು: ಅದು ತಪ್ಪು. 2013ರ ಆರ್‌ಎಫ್‌ಸಿ 6762 ಪ್ರಕಾರ ಡಾಟ್ ಲೋಕಲ್ ಎಂಡಿಎನ್‌ಎಸ್‌ಗೆ ಮೀಸಲು. ಮನೆಗೆ ಅಂತಲೇ ಹೋಂ ಡಾಟ್ ಆರ್ಪಾ ಉಂಟು, 2018ರ ಆರ್‌ಎಫ್‌ಸಿ 8375.

ಮೈಸೂರು: ಅಷ್ಟುದ್ದ ಯಾರು ಟೈಪ್ ಮಾಡ್ತಾರೆ? 2024ರಲ್ಲಿ ಐಕ್ಯಾನ್ (ಡೊಮೇನ್ ಹೆಸರು ನೋಡ್ಕೊಳ್ಳೋ ಸಂಸ್ಥೆ) ಡಾಟ್ ಇಂಟರ್ನಲ್ ಕೂಡ ಮೀಸಲಿಟ್ಟಿದೆ, ನಿಮ್ಮದೊಂದೇ ಸರಿ ಅಲ್ಲ.

ಮಂಗಳೂರು: ಇಂಟರ್ನಲ್ ಇಡಿ, ನನ್ನ ತಕರಾರಿಲ್ಲ. ಲೋಕಲ್ ಬೇಡ ಅಂತ ಹೇಳಿದ್ದು. ಉದ್ದ ಟೈಪ್ ಮಾಡ್ಬೇಕಾಗಿಯೂ ಇಲ್ಲ, ಡಿಎಚ್‌ಸಿಪಿ ಡೊಮೇನ್ ಕಳಿಸಿದರೆ ಬರೀ "ನಾಸ್" ಸಾಕು. ಉಬುಂಟು ಡೆಸ್ಕ್‌ಟಾಪ್‌ನ ಎನ್‌ಎಸ್‌ಸ್ವಿಚ್ ಫೈಲ್ (ಹೆಸರನ್ನು ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳುವುದು) ತೆರೆದು ನೋಡಿ: ಎಂಡಿಎನ್‌ಎಸ್4_ಮಿನಿಮಲ್ ಆದಮೇಲೆ ನಾಟ್‌ಫೌಂಡ್=ರಿಟರ್ನ್ ಉಂಟು. ಡಾಟ್ ಲೋಕಲ್ ಹೆಸರು ಅಲ್ಲಿಂದಲೇ ವಾಪಸ್, ನಿಮ್ಮ ಡಿಎನ್‌ಎಸ್‌ಮಾಸ್ಕ್‌ಗೆ ಮುಟ್ಟುವುದೇ ಇಲ್ಲ.

ಮೈಸೂರು: ನಮ್ಮನೇಲಿ ಉಬುಂಟು ಇಲ್ಲ.

ಮಂಗಳೂರು: ಹಾಗಾದರೆ ನಿಮ್ಮ ಮನೆ ಸೆಟ್ಟಿಂಗನ್ನು ಇಲ್ಲಿರುವ ಎಲ್ಲರಿಗೂ ಹಂಚಬೇಡಿ.

ಮೈಸೂರು: ನೀವೇನು ಮೇಡಂ ಪರವಾಗಿ ಉತ್ತರ ಕೊಡೋಕೆ ಬಂದಿದ್ದೀರಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಎಂಜಿನಿಯರ್: ಮಂಗಳೂರಿನವರು ಹೇಳಿದ್ದು ಸರಿ. ಡಾಟ್ ಲೋಕಲ್ ಅನ್ನ ಡಿಎನ್‌ಎಸ್‌ಮಾಸ್ಕ್‌ಗೆ ಕೊಡಬೇಡಿ. ಇದರ ಮೇಲೆ ಇನ್ನು ಚರ್ಚೆ ಬೇಡ.

ಗದಗ: ನಾಸ್ ಗೂಗಲ್‌ಗೆ ಹೊಂಟೈತ್ರಿ ಮೇಡಂ.

ಎಂಜಿನಿಯರ್: ಮೊದಲನೇ ಉತ್ತರ.

ಬೆಂಗಳೂರು: ಎಲ್ಲ ಸಾಧನಕ್ಕೂ ಹೋಸ್ಟ್ಸ್ ಫೈಲ್‌ನಲ್ಲಿ ಬರೆದ್ರೆ ಮುಗೀತಲ್ಲ?

ಎಂಜಿನಿಯರ್: ಫೋನ್, ಟಿವಿಯಲ್ಲಿ ಅದನ್ನ ಬರೆಯೋಕೆ ಬಿಡಲ್ಲ. ಐಪಿ ರಿಸರ್ವ್ ಮಾಡದೇ ಬರೆದ್ರೆ ವಿಳಾಸ ಬದಲಾದ ದಿನ ಹೆಸರು ಬೇರೆ ಸಾಧನಕ್ಕೆ ಹೋಗುತ್ತೆ.

ಹಾಸನ: ನನ್ನ ಪ್ರಶ್ನೆ ಯಾರೂ ನೋಡಿಲ್ಲ.

ಶಿರಸಿ: ಮೇಡಂ, ಟಿಸಿಪಿಡಂಪ್ ಓಡಿಸ್ದೆ. ಲ್ಯಾಪ್‌ಟಾಪ್‌ನಿಂದ ಒಂದು ಸಾಲೂ ಬರ್ಲಿಲ್ಲ. ರೌಟರ್‌ನಲ್ಲಿ ಸ್ನೂಪಿಂಗ್ ಆಫ್ ಮಾಡಿದ ಮೇಲೆ ಬರ್ತಿದೆ, 40 ನಿಮಿಷ ಆಯ್ತು, ಹೆಸರು ಹೋಗಿಲ್ಲ. ಆದರೆ ಐಪಿಟಿವಿ ಬಾಕ್ಸ್‌ನಲ್ಲಿ ಚಾನೆಲ್ ಹಾಕಿದ್ರೆ ವೈಫೈ ಎಲ್ಲ ನಿಧಾನ ಆಗ್ತಿದೆ.

ಎಂಜಿನಿಯರ್: ಹಾಗಾದ್ರೆ ಟಿವಿ ಮಲ್ಟಿಕಾಸ್ಟ್‌ನಲ್ಲಿ ಬರ್ತಿದೆ. ಸ್ನೂಪಿಂಗ್ ಇಲ್ಲದಿದ್ರೆ ಆ ಚಾನೆಲ್ ಪೂರ್ತಿಯಾಗಿ ವೈಫೈ ಮೇಲೂ ಸುರಿಯುತ್ತೆ. ಸ್ನೂಪಿಂಗ್ ವಾಪಸ್ ಆನ್ ಮಾಡಿ, ಅದೇ ಪುಟದಲ್ಲಿ ಐಜಿಎಂಪಿ ಕ್ವೆರಿಯರ್ ಇದ್ರೆ ಅದನ್ನೂ ಆನ್ ಮಾಡಿ, ಪೈ ರಿಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು ಪರೀಕ್ಷಿಸಿ. ಕ್ವೆರಿಯರ್ ಇಲ್ಲದಿದ್ರೆ ಪೈಗೆ ಡಿಎಚ್‌ಸಿಪಿ ರಿಸರ್ವೇಶನ್ ಮಾಡಿ, ಲ್ಯಾಪ್‌ಟಾಪ್‌ನ ಹೋಸ್ಟ್ಸ್ ಫೈಲ್‌ನಲ್ಲಿ ಆ ಐಪಿ ಮತ್ತು ಬರೀ "ಪೈ" ಅಂತ ಬರೀರಿ, ಡಾಟ್ ಲೋಕಲ್ ಬೇಡ. ರೌಟರ್ ಮಾಡೆಲ್ ಮತ್ತು ಫರ್ಮ್‌ವೇರ್ ಆವೃತ್ತಿ ಹಾಕಿ, ನಾಳೆ ನೋಡ್ತೀನಿ.